ಮಾತಾಡುವ ಎಡಿಟರ್

ನನ್ನ ಹೆಸರು ಬದರಿನಾಥ. ನಮ್ಮ ಆಫೀಸಿನಲ್ಲಿ ನನಗೆ 'ವಿಮ್ ಮಾಮ' ಎಂದು ಅಡ್ಡಹೆಸರಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಚೆನ್ನೈ ಎಗ್ಮೋರಿನ ಆ ಮೂರನೆಯ ಮಹಡಿಯಲ್ಲಿ ಅಡ್ಡಗೋಡೆಗಳೆಲ್ಲ ಪ್ಲೈವುಡ್ಡಿನವು, ಯಾರ ಮಾತೂ ಯಾರಿಗೂ ಗುಟ್ಟಲ್ಲ.

ವಿಮ್ ಅಂದರೆ ಪ್ರೋಗ್ರಾಂ ಬರೆಯುವ ಒಂದು ಎಡಿಟರ್. ಕಪ್ಪು ಪರದೆ, ಮೆನು ಇಲ್ಲ, ಮೌಸ್ ಬೇಕಿಲ್ಲ, ಎಲ್ಲವನ್ನೂ ಕೀಬೋರ್ಡಿನ ಮೇಲೆ ಬೆರಳುಗಳೇ ಮಾಡಬೇಕು. ಹೊಸಬರು ಅದರೊಳಗೆ ಹೊಕ್ಕರೆ ಹೊರಬರುವ ದಾರಿ ತಿಳಿಯದೆ ಕಂಪ್ಯೂಟರನ್ನೇ ಆಫ್ ಮಾಡುತ್ತಾರೆ. ನಾನು ಕಾಲೇಜು ಬಿಟ್ಟಂದಿನಿಂದ ಅದರಲ್ಲೇ ಅನ್ನ ಸಂಪಾದಿಸಿದವನು. ಕೆಲಸದ ಮಧ್ಯೆ ಮೌಸಿಗೆ ಕೈ ಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು, ಹಾಗೆಂದು ಅವರ ಮುಖಕ್ಕೇ ಹೇಳುತ್ತಲೂ ಇದ್ದೆ. "ಪಾತ್ರೆ ತಿಕ್ಕೋ ಸೋಪಿನ ಹೆಸರು ಇಟ್ಕೊಂಡಿರೋದಕ್ಕೆ ಇಷ್ಟು ಜಂಬವೇನ್ರೀ" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು. ಅವಳ ಹೆಸರು ಮೌನ. ಆ ಹೆಸರಿಟ್ಟಾಗ ನಮ್ಮ ಮಾವನವರಿಗೆ ಮುಂದಿನದು ಗೊತ್ತಿರಲಿಲ್ಲ, ಪಾಪ.

ಅಂಥ ನಾನು ಈ ವರ್ಷ ನವರಾತ್ರಿಯ ಹೊತ್ತಿಗೆ ವಿಮ್ ಬಿಡಲೇಬೇಕಾಯಿತು. ನನ್ನ ಕಣ್ಣು ಹೋಗುತ್ತಿತ್ತು.

ಮೊದಮೊದಲು ನಮ್ಮ ಮನೆ ಹತ್ತಿರದ ಕ್ರೋಂಪೇಟೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜನಕ್ಕೆ ಡಿಕ್ಕಿ ಹೊಡೆಯತೊಡಗಿದೆ. ಬೈಸಿಕೊಂಡೆ, ನಾನೂ ಬೈದೆ. ಸಂಜೆಯಾದರೆ ಬೀದಿಯೇ ಅಳಿಸಿಹೋದಂತಾಗುತ್ತಿತ್ತು. ಕನ್ನಡಕದ ನಂಬರು ಬದಲಾಗಿರಬೇಕು ಎಂದುಕೊಂಡು ಹೋದರೆ, ಡಾಕ್ಟರು ಒಂದು ಯಂತ್ರದೊಳಗೆ ಮುಖವಿಡಿಸಿ, ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಾನು ಒತ್ತಿದ್ದು ಬಹಳ ಕಡಿಮೆ. ಕಣ್ಣಿನ ಒಳಪದರ ಅಂಚಿನಿಂದ ನಡುವಿನ ಕಡೆಗೆ ಸಾಯುತ್ತಾ ಬರುತ್ತಿದೆ, ಈಗ ಉಳಿದಿರುವ ಕಿಂಡಿಯೂ ಒಂದು ದಿನ ಮುಚ್ಚಬಹುದು, ಯಾವಾಗ ಎಂದು ಹೇಳಲಾಗದು, ಗುಣಪಡಿಸುವ ಔಷಧಿ ತಮ್ಮಲ್ಲಿಲ್ಲ ಎಂದರು. ಮೌನ ಪಕ್ಕದಲ್ಲೇ ಕೂತಿದ್ದಳು, ಒಂದು ಮಾತೂ ಆಡಲಿಲ್ಲ. ನನಗೆ ಭಯವಾಯಿತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆಫೀಸಿನಲ್ಲಿ ಹೇಳಲಿಲ್ಲ. ಹಿಂದೆ ನಾನಿದ್ದ ಕಂಪನಿಯಲ್ಲಿ ಹರಿಹರ ಎನ್ನುವವರಿದ್ದರು, ನನಗಿಂತ ಜಾಣರು. ಅವರ ಕೈ ನಡುಗತೊಡಗಿದಾಗ ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ನಿಮಗೆ ಆಯಾಸವಾಗಬಾರದು ಎಂದು ಮೊದಲು ದೊಡ್ಡ ಕೆಲಸ ತೆಗೆದರು, ಆಮೇಲೆ ಸಣ್ಣ ಕೆಲಸ ತೆಗೆದರು, ಕೊನೆಗೆ ಕೇಕ್ ಕತ್ತರಿಸಿ, ಶಾಲು ಹೊದಿಸಿ ಮನೆಗೆ ಕಳಿಸಿದರು. ಅವತ್ತಿನ ಫೋಟೋದಲ್ಲಿ ನಾನೂ ಹಲ್ಲು ಕಿರಿದು ನಿಂತಿದ್ದೇನೆ. ಅಂಥದೊಂದು ಶಾಲು ನನ್ನ ಹೆಗಲಿಗೂ ಬೀಳುತ್ತದೆ ಎಂದುಕೊಂಡರೆ ಕಣ್ಣು ಹೋಗುವುದಕ್ಕಿಂತ ಹೆಚ್ಚು ಹೆದರಿಕೆಯಾಗುತ್ತಿತ್ತು. ನನಗೆ ಬರುವುದು ಇದೊಂದೇ ಕೆಲಸ. ಇದನ್ನು ಬಿಟ್ಟರೆ ನಾನು ಸಿಟ್ಟಿನ ಒಬ್ಬ ಗಂಡಸು, ಅಷ್ಟೆ.

ಇದೇ ಹೊತ್ತಿಗೆ ಹೊಸ ಗಿರಾಕಿಯಿಂದ ಹುಕುಂ ಬಂತು. ಯಾವುದೋ ದೇಶದ ವಿಮಾ ಕಂಪನಿ, ಅವರಿಗೆ ಭದ್ರತೆಯ ಚಿಂತೆ ಜಾಸ್ತಿ. ನಮ್ಮಲ್ಲಿ ಮೂರು ಜಾತಿಯ ಮೆಷಿನ್ನುಗಳಿದ್ದವು. ಕೆಲವರದು ವಿಂಡೋಸ್, ಡಿಸೈನ್ ಮಾಡುವವರದು ಮ್ಯಾಕ್, ನನ್ನದು ಲಿನಕ್ಸ್. ಮೆಷಿನ್ ಯಾವುದೇ ಇರಲಿ, ಎಡಿಟರ್ ಮಾತ್ರ ಎಲ್ಲರಿಗೂ ಒಂದೇ ಆಗಿರಬೇಕಂತೆ. ಅದನ್ನು ಅವರು ಪರೀಕ್ಷಿಸಿ ಒಪ್ಪಿಗೆ ಕೊಡುತ್ತಾರೆ, ಉಳಿದದ್ದಕ್ಕೆಲ್ಲ ಬೀಗ. ಯಾವುದು ಬೇಕೆಂದು ನಾವೇ ಆರಿಸಿ ಆಯುಧಪೂಜೆಯೊಳಗೆ ತಿಳಿಸಬೇಕು.

ನಮ್ಮ ಟೀಮಿನ ಮುಖ್ಯಸ್ಥೆ ರಚನಾ. ನನಗಿಂತ ಬಹಳ ಚಿಕ್ಕವಳು, ಕೆಲಸ ಕಲಿತದ್ದು ನನ್ನ ಪಕ್ಕದ ಕುರ್ಚಿಯಲ್ಲಿ. ಹೊಸೂರಿನ ಕಡೆಯವಳು, ಅವಳ ಬಾಯಲ್ಲಿ ಕನ್ನಡ ತಮಿಳು ಎರಡೂ ಒಂದೇ ವಾಕ್ಯದಲ್ಲಿ ಬರುತ್ತವೆ. "ಎಲ್ಲಾರೂ ಚೆನ್ನಾಗಿ ಯೋಚನೆ ಮಾಡಿ ಸೊಲ್ಲುಂಗ. ಒಂದ್ಸಲ ಅವರು ಅಪ್ರೂವ್ ಮಾಡಿದ್ಮೇಲೆ ಬದಲಾಯಿಸೋಕೆ ಮುಡಿಯಾದು" ಎಂದಳು. ಯೋಚಿಸಿ ಹೇಳಿ, ಆಮೇಲೆ ಬದಲಾಯಿಸಲಾಗದು ಎಂದು. ಉಳಿದವರು ಊಟಕ್ಕೆ ಎದ್ದರು. ನಾನು ಏಳಲಿಲ್ಲ.

ಆ ಶನಿವಾರ ಮನೆಯ ಊಟದ ಮೇಜಿನ ಮೇಲೆ ಮೂರು ಲ್ಯಾಪ್‌ಟಾಪ್ ಸಾಲಾಗಿ ಇಟ್ಟೆವು. ಮೌನಳ ವಿಂಡೋಸ್, ಮಗಳು ಮಾನ್ಯಾಳ ಮ್ಯಾಕ್, ನನ್ನ ಲಿನಕ್ಸ್. ಮೂರರಲ್ಲೂ ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ದನಿಯನ್ನು ಹಾಕಿಕೊಳ್ಳಬಹುದು. ಕಣ್ಣಿಲ್ಲದವರು ಅದನ್ನು ಕೇಳುತ್ತಲೇ ಪ್ರೋಗ್ರಾಂ ಬರೆಯುತ್ತಾರೆ. ಆ ದನಿಯೊಂದಿಗೆ ಯಾವ ಎಡಿಟರ್ ಸರಿಯಾಗಿ ಹೊಂದುತ್ತದೋ ಅದನ್ನು ನಾನು ಆರಿಸಬೇಕಿತ್ತು. ಅದೂ ಮೂರು ಜಾತಿಯ ಮೆಷಿನ್ನಿನಲ್ಲೂ ಹೊಂದಬೇಕು, ಏಕೆಂದರೆ ನಾಳೆ ನನ್ನ ಕೈಗೆ ಯಾವುದು ಬರುತ್ತದೋ ಗೊತ್ತಿಲ್ಲ.

ಮಾನ್ಯಾ ಪ್ಲಸ್ ಟೂ ಓದುತ್ತಿದ್ದಾಳೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಮಗಳು. "ಕಣ್ಣ ಮೂಡುಪ್ಪಾ" ಎಂದು ನನ್ನ ಕಣ್ಣಿಗೆ ಟವೆಲ್ ಬಿಗಿದಳು. "ಪಾಕ್ಕಕೂಡಾದು, ಸರಿಯಾ?"

"ನೋಡಲ್ಲ ಕಣೇ. ನೋಡೋದಕ್ಕೇ ತಾನೇ ಆಗದೆ ಇರೋದು" ಎಂದೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗುತ್ತಿದ್ದದ್ದು ನಿಂತಿತು.

ಮೊದಲು ವಿಮ್. ಬೆರಳುಗಳು ಓಡಿದವು. ನನ್ನ ಬೆರಳಿಗೆ ಕಣ್ಣು ಯಾವತ್ತೂ ಬೇಕಿರಲಿಲ್ಲ, ಇಷ್ಟೇನಾ ಎಂದು ಮನಸ್ಸಿನೊಳಗೇ ಮೀಸೆ ತಿರುವಿದೆ. ಆಮೇಲೆ ಮಗಳಿಗೆ, "ಎಲ್ಲಾದರೂ ಒಂದು ತಪ್ಪು ಸೇರಿಸಿಡು, ಹುಡುಕ್ತೀನಿ" ಎಂದೆ. ಅವಳು ಸೇರಿಸಿದಳು. ನಾನು ಎಲ್ಲಿದ್ದೇನೆ ಎಂದು ದನಿಯನ್ನು ಕೇಳಿದೆ. ವಿಮ್‌ನಲ್ಲಿ ಏನೂ ಬರೆಯದ ಸಾಲುಗಳ ಮುಂದೆ ಒಂದೊಂದು ಅಂಕುಡೊಂಕು ಗೆರೆಯಿರುತ್ತದೆ, ಅದಕ್ಕೆ ಟಿಲ್ಡೆ ಎನ್ನುತ್ತಾರೆ. ಇಷ್ಟು ವರ್ಷ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಈಗ ಆ ದನಿ "ಟಿಲ್ಡೆ, ಟಿಲ್ಡೆ, ಟಿಲ್ಡೆ" ಎಂದು ಶುರುಮಾಡಿತು. ನಿಲ್ಲಿಸಿ ಮೇಲೆ ಹೋದೆ, ಅರ್ಧ ಸಾಲು ಓದಿ ಮತ್ತೆ ಟಿಲ್ಡೆ. ಕೆಳಗೆ ಬಂದೆ, ಬೇರೆ ಯಾವುದೋ ಸಾಲಿನ ಬಾಲ. ನಾನು ಬರೆದದ್ದು ನನ್ನ ಮುಂದೆಯೇ ಇದೆ, ಆದರೆ ಎಲ್ಲಿದೆ, ಅದರಲ್ಲಿ ನಾನೆಲ್ಲಿದ್ದೇನೆ, ಒಂದೂ ತಿಳಿಯದು. ಟವೆಲನ್ನು ಕಿತ್ತೆಸೆದೆ.

ಕಣ್ಣಿಲ್ಲದೆಯೂ ವಿಮ್ ಬಳಸುವ ಗಟ್ಟಿಗರು ಇದ್ದಾರೆ, ಅವರಿಗೆ ಅವರದೇ ಉಪಾಯಗಳಿವೆಯಂತೆ. ನನ್ನ ಕೈಲಿ ಆಗಲಿಲ್ಲ. ಭಾನುವಾರವೂ ಕೂತೆ, ಆಗಲಿಲ್ಲ.

ನಾನು ಹೀಯಾಳಿಸುತ್ತಿದ್ದ ವಿಎಸ್ ಕೋಡ್ ಎಂಬ ಎಡಿಟರನ್ನು ಮಾನ್ಯಾ ತೆರೆದುಕೊಟ್ಟಳು. ಅದರಲ್ಲಿ ದನಿ ಸಾಲಿನ ನಂಬರು ಹೇಳಿತು, ಸಾಲನ್ನು ಪೂರ್ತಿ ಓದಿತು, ತಪ್ಪಿರುವ ಸಾಲಿಗೆ ಹೋದಾಗ ಸಣ್ಣದೊಂದು ಸದ್ದು ಮಾಡಿತು. ಲಿನಕ್ಸಿನಲ್ಲಿ ಮಾತ್ರ ಒಂದು ಸೆಟ್ಟಿಂಗ್ ಬದಲಾಯಿಸುವ ತನಕ ಹಟ ಹಿಡಿದು ಸುಮ್ಮನಿತ್ತು. ನಾನು ಆಮೆಯ ಹಾಗೆ ತೆವಳಿದೆ, ಒಂದೇ ಸಾಲನ್ನು ಮತ್ತೆ ಮತ್ತೆ ಓದಿಸಿಕೊಂಡೆ. ಆದರೆ ತಪ್ಪು ಸಿಕ್ಕಿತು. ಮೂರು ಮೆಷಿನ್ನಿನಲ್ಲೂ ಸಿಕ್ಕಿತು. ಮೌನ ಹಿಂದೆ ಬಂದು ನಿಂತಿದ್ದಳು. "ಅದನ್ನೇ ಇಟ್ಕೊಳ್ರೀ" ಎಂದು ನನ್ನ ಹೆಗಲು ಹಿಡಿದಳು. ಅವಳ ಕೈ ತಣ್ಣಗಿತ್ತು.

ಸೋಮವಾರದ ಮೀಟಿಂಗಿನಲ್ಲಿ ನಾನು ವಿಎಸ್ ಕೋಡ್ ಪರವಾಗಿ ಮಾತಾಡಿದೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು. ಪ್ರವೀಣ್ ಕೈಯಲ್ಲಿದ್ದ ಟೀ ಕೆಳಗಿಟ್ಟ. ಅವನ ಮನೆಯವರದು ಪೆರಂಬೂರಿನಲ್ಲಿ ಹೋಟೆಲು, ಮೂಲ ಉಡುಪಿಯ ಕಡೆ, ಮಾತು ಇನ್ನೂ ಅಲ್ಲಿಯದೇ.

"ಎಂತ ಸಾರ್, ನೀವೇ ಹೇಳುದಾ ಇದನ್ನು? ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ನಿಮಗೆಲ್ಲ ಅದೇ ಸುಲಭ. ನನ್ನೊಬ್ಬನಿಗೋಸ್ಕರ ಎಲ್ಲರೂ ಯಾಕೆ ಒದ್ದಾಡಬೇಕು" ಎಂದೆ.

ಆ ಕ್ಷಣ ಬಾಯಿಗೆ ಬಂದ ಸುಳ್ಳು ಅದು. ಚೆನ್ನಾಗಿಯೇ ಹೇಳಿದೆ ಎಂದುಕೊಂಡೆ. ರಚನಾ ತಲೆಯಾಡಿಸಿ, "ಸರಿ ಸಾರ್, ನಾಂಗಳೇ ಪಾತ್ತುಕ್ಕೊಳ್ತೀವಿ" ಎಂದಳು. ತಾವೇ ನೋಡಿಕೊಳ್ಳುತ್ತಾರಂತೆ. ನನ್ನ ಬದುಕನ್ನು ಅವರ ಮೇಜಿನ ಮೇಲೆ ಇಟ್ಟು ಎದ್ದು ಬಂದೆ.

ಆಮೇಲಿನ ದಿನಗಳಲ್ಲಿ ಏನೋ ನಡೆಯುತ್ತಿತ್ತು. ನಾನು ಹತ್ತಿರ ಹೋದರೆ ಲ್ಯಾಪ್‌ಟಾಪ್ ಮುಚ್ಚುವ ಸದ್ದು. ಪ್ಲೈವುಡ್ಡಿನಾಚೆ ಪಿಸುಮಾತು, ಅದರಲ್ಲಿ ನನ್ನ ಹೆಸರು. ಒಮ್ಮೆ ಪ್ರವೀಣ್, "ಸಾರಿಗೆ ಗೊತ್ತಾಗ್ಬಾರ್ದು ಮಾರಾಯ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಕಣ್ಣಿನ ಸಂಗತಿ ಇವರಿಗೆ ಗೊತ್ತಾಗಿಹೋಗಿದೆ ಎಂದು ನನ್ನ ಜೀವ ಬಾಯಿಗೆ ಬಂತು. ನಾನು ಕುರ್ಚಿಗೆ ಎಡವಿದ್ದನ್ನು ನೋಡಿರಬೇಕು, ಯಾರೋ ಚಾಚಿದ ಕೈ ಕಾಣದೆ, ಕುಲುಕದೆ ಹೋದದ್ದನ್ನು ನೋಡಿರಬೇಕು. ನೀರು ಕುಡಿಯಲು ಹೋಗುವ ದಾರಿಯನ್ನು ಗೋಡೆ ಸವರಿಕೊಂಡು ಬಾಯಿಪಾಠ ಮಾಡಿದೆ. ಸಂಜೆ ಬೆಳಕಿರುವಾಗಲೇ ಹೊರಟುಬಿಡುತ್ತಿದ್ದೆ. ಎಗ್ಮೋರ್ ಪ್ಲಾಟ್‌ಫಾರಂನಲ್ಲಿ ಹಳಿಯಿಂದ ದೂರ, ಕಂಬಕ್ಕೆ ಬೆನ್ನು ಕೊಟ್ಟು ನಿಂತು, ರೈಲು ಬಂದು ನಿಂತು ಜನ ಹತ್ತುವ ಸದ್ದು ಕೇಳಿದ ಮೇಲೆಯೇ ಮುಂದೆ ಹೆಜ್ಜೆಯಿಡುತ್ತಿದ್ದೆ. ಮನೆಗೆ ಹೋಗಿ ಮೌನಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದೆ. ಅವಳು ತಿರುಗಿ ರೇಗಲಿಲ್ಲವಲ್ಲ, ಅದು ಇನ್ನಷ್ಟು ಹೆದರಿಸಿತು.

ಆಯುಧಪೂಜೆಗೆ ರಜೆ, ಆದ್ದರಿಂದ ಆಫೀಸಿನ ಪೂಜೆ ಹಿಂದಿನ ದಿನ ಮಧ್ಯಾಹ್ನ, ನಾನು ಆ ಹೊತ್ತಿಗೇ ಬಂದರೆ ಸಾಕು ಎಂದಿದ್ದರು. ಊರಿನಲ್ಲಿ ಅಂಗಡಿಗಳು, ವರ್ಕ್‌ಶಾಪುಗಳು ಆಗಲೇ ಶುರುಮಾಡಿದ್ದವು. ಸ್ಟೇಷನ್ನಿನಿಂದ ಆಫೀಸಿನವರೆಗೂ ರಸ್ತೆಯಲ್ಲಿ ದೃಷ್ಟಿ ತೆಗೆದು ಒಡೆದ ಬೂದುಗುಂಬಳದ ಹೋಳುಗಳು ಬಿದ್ದಿದ್ದವು, ಒಳಗೆಲ್ಲ ಕುಂಕುಮ. ಕಣ್ಣಿರುವವರೇ ಜಾರುವ ದಿನ ಅದು. ನಾನು ತಲೆ ತಗ್ಗಿಸಿ ನನ್ನ ಕಿಂಡಿಯಿಂದ ಒಂದೊಂದು ಗೇಣು ನೆಲ ನೋಡಿಕೊಂಡು ನಡೆದೆ. ನೆಲ ನೋಡಿದರೆ ಸ್ಕೂಟರು ಕಾಣದು, ಸ್ಕೂಟರು ನೋಡಿದರೆ ನೆಲ ಕಾಣದು. ಒಂದು ಕಡೆ ಕಾಲು ಜಾರಿಯೇಬಿಟ್ಟಿತು. ಯಾರದೋ ಅಂಗಡಿಯ ಶಟರ್ ಹಿಡಿದು ನಿಂತೆ. ಶಟರ್ ಮೇಲಿದ್ದ ಹಸಿ ಕುಂಕುಮ ಅಂಗೈಗೆಲ್ಲ ಮೆತ್ತಿಕೊಂಡಿತು, ರಕ್ತವೋ ಏನೋ ಎಂದು ಒಂದು ಗಳಿಗೆ ಗಾಬರಿಯಾದೆ.

ಆಫೀಸಿಗೆ ಹೋದರೆ ಎಲ್ಲರೂ ನನಗಾಗಿಯೇ ಕಾದಂತಿತ್ತು. ಉದ್ದದ ಮೇಜಿನ ಮೇಲೆ ಲ್ಯಾಪ್‌ಟಾಪುಗಳನ್ನು ಸಾಲಾಗಿ ಇಟ್ಟು ಒಂದೊಂದಕ್ಕೂ ಅರಿಶಿನ ಕುಂಕುಮ ಹಚ್ಚಿದ್ದರು. ಪುರಿ, ಕಡಲೆ, ಬಾಳೆಹಣ್ಣು. ನಡುವೆ ನನ್ನ ಹಳೆಯ ಕೀಬೋರ್ಡು, ಅದಕ್ಕೆ ಸೇವಂತಿಗೆ ಹಾರ.

"ಸಾರ್, ಹತ್ತಿರ ಬಂದು ನೋಡಿ" ಎಂದ ಪ್ರವೀಣ್.

ಬಾಗಿ ನೋಡಿದೆ. ಮೊದಲನೆಯ ಪರದೆ ಕಪ್ಪು. ಪಕ್ಕದ್ದೂ ಕಪ್ಪು. ವಿಂಡೋಸ್, ಮ್ಯಾಕ್, ಲಿನಕ್ಸ್, ಎಲ್ಲದರಲ್ಲೂ ವಿಮ್ ತೆರೆದಿತ್ತು.

"ನಾವೆಲ್ಲ ಕದ್ದು ಕೂತು ಕಲ್ತದ್ದು ಸಾರ್, ನಿಮಗೆ ಗೊತ್ತಾಗದ ಹಾಗೆ" ಎಂದು ಅವನು ಶುರುಮಾಡಿದ. "ಅವತ್ತು ನೀವು ನಮಗೋಸ್ಕರ ವಿಮ್ ಬಿಟ್ಟುಕೊಟ್ರಿ ಅಲ್ವಾ? ನಮ್ಮ ಹೋಟೆಲಲ್ಲಿ ಹಿರಿಯರು ಊಟಕ್ಕೆ ಕೂತು ಎಲೆ ಮೇಲೆ ಕೈ ಅಡ್ಡ ಹಿಡಿದ್ರೆ, ಸಾಕು ಅಂತ ಬಿಟ್ಟು ಹೋಗ್ಲಿಕ್ಕುಂಟಾ? ನಮ್ಮಜ್ಜ ಬೈತಿದ್ರು. ದಾಕ್ಷಿಣ್ಯಕ್ಕೆ ಬೇಡ ಅಂತಾರೆ, ಬಡಿಸಲೇಬೇಕು ಅಂತ. ಹಾಗೇ ಇದೂ. ಎಲ್ಲರೂ ಒಟ್ಟಿಗೆ ಹೂಂ ಅಂದ್ವಿ."

"ಬೆಳಿಗ್ಗೆಯೇ ಮೇಲ್ ಅನುಪ್ಪಿಬಿಟ್ಟೆ ಸಾರ್, ವಿಮ್ ಅಂತ" ಎಂದಳು ರಚನಾ. ಗಿರಾಕಿಗೆ ಕಳಿಸಿಯೂ ಆಗಿತ್ತು. ಅವಳ ದನಿಯಲ್ಲಿ ಅಷ್ಟು ಸಂತೋಷವಿತ್ತು.

ಅವರು ಚಪ್ಪಾಳೆ ತಟ್ಟಿದರು. ನಾನು ಕೀಬೋರ್ಡಿನ ಹಾರ ಹಿಡಿದು ನಿಂತೆ, ಅದನ್ನವರು ಆನಂದ ಎಂದುಕೊಂಡರು. ಇಷ್ಟು ಪ್ರೀತಿಯಿಂದ ಯಾರೂ ನನ್ನ ಕತ್ತು ಕೊಯ್ದಿರಲಿಲ್ಲ. ಸಿಟ್ಟು ಬರಬೇಕಿತ್ತು, ನನಗೆ ಬೇಗ ಬರುವುದೇ ಅದು. ಅದೂ ಬರಲಿಲ್ಲ, ಬರೀ ಭಯ ಬಂತು. ಆ ಪರದೆಗಳ ಅಂಚಿನಲ್ಲಿ ಟಿಲ್ಡೆಗಳು ಒಂದರ ಕೆಳಗೊಂದು ನಿಂತಿದ್ದವು.

"ಮಂಗಳಾರತಿ ಸಾರೇ ಮಾಡ್ಬೇಕು" ಎಂದು ಯಾರೋ ನನ್ನ ಕೈಗೆ ತಟ್ಟೆ ಕೊಟ್ಟು ಕರ್ಪೂರ ಹಚ್ಚಿದರು. ಇನ್ಯಾರೋ, ಚೆನ್ನಾಗಿ ಕಾಣಲಿ ಎಂದು ಕಿಟಕಿಯ ಪರದೆ ಎಳೆದು ಲೈಟ್ ಆರಿಸಿದರು.

ಎಲ್ಲ ಮಾಯವಾಯಿತು. ಅವರಿಗೆ ಅದು ಮಬ್ಬುಗತ್ತಲೆ, ನನಗೆ ಏನೂ ಇಲ್ಲ. ಕೈಯಲ್ಲಿ ಒಂದು ಉರಿ, ಅದರಾಚೆ ಮೇಜೂ ಇಲ್ಲ, ಜನವೂ ಇಲ್ಲ, ನೆಲವೂ ಇಲ್ಲ. ಮುಂದೆ ನನಗಿರುವುದು ಇದೇ ಎಂದು ಮೊದಲ ಸಲ ಮೈಗೆ ಅರ್ಥವಾಯಿತು. ಡಾಕ್ಟರು ಹೇಳಿದ್ದು ಅಲ್ಲಿಯತನಕ ಬರೀ ಮಾತಾಗಿತ್ತು.

"ನಡೀರಿ ಸಾರ್, ಎಲ್ಲಾ ಮೆಷಿನ್ನಿಗೂ ತೋರಿಸಿ."

ಒಂದು ಹೆಜ್ಜೆಯಿಟ್ಟೆ. ಮೊಣಕಾಲು ಯಾವುದಕ್ಕೋ ಬಡಿಯಿತು, ತಟ್ಟೆ ವಾಲಿತು, ಉರಿಯುವ ಕರ್ಪೂರ ಎಲ್ಲೋ ಬಿತ್ತು. ಯಾರೋ ಕೂಗಿದರು. ಯಾರದೋ ಕೈ ನನ್ನನ್ನು ಹಿಂದಕ್ಕೆಳೆಯಿತು, ನನ್ನ ಕೈಯಿಂದ ತಟ್ಟೆ ಕಿತ್ತು ನೆಲದ ಮೇಲೆ ಬೋರಲು ಹಾಕಿದ ಸದ್ದು ಕೇಳಿತು.

"ಲೈಟ್ ಹಾಕಿ" ಎಂದೆ. "ದಯವಿಟ್ಟು ಹಾಕಿ, ನನಗೆ ಕಾಣಿಸ್ತಿಲ್ಲ."

ಲೈಟ್ ಬಂತು. ಬೋರಲಾದ ತಟ್ಟೆಯ ಪಕ್ಕ ಪ್ರವೀಣ್ ಕೂತಿದ್ದ. ರಚನಾ ನನ್ನೆದುರಿಗೆ ಬಂದು ನಿಂತಳು. "ಇಪ್ಪೊ ಕಾಣ್ತಾ ಸಾರ್?"

ಹೂಂ ಎಂದರೆ ಮುಗಿಯಿತು. ನಕ್ಕುಬಿಡುತ್ತಿದ್ದೆ, ಅವರೂ ನಗುತ್ತಿದ್ದರು, ಪುರಿ ಹಂಚುತ್ತಿದ್ದರು. ಆ ಹೂಂ ನಾಲಿಗೆಯ ತುದಿಗೆ ಬಂದಿತ್ತು. ಆಮೇಲೆ ಎಷ್ಟು ದಿನ? ಕಪ್ಪು ಪರದೆಯ ಮುಂದೆ ಕೂತು, ನಾನು ಬರೆದದ್ದು ಎಲ್ಲಿದೆ ಎಂದು ನನಗೇ ತಿಳಿಯದೆ, ತಪ್ಪಿನ ಮೇಲೆ ತಪ್ಪು ಮಾಡುತ್ತಾ, ಬದರಿನಾಥನಿಗೆ ವಯಸ್ಸಾಯಿತು ಎಂದು ಇವರೇ ಮರುಕ ಪಡುವ ತನಕ.

"ಇಲ್ಲ ರಚನಾ" ಎಂದೆ. "ನೀನು ಕಾಣ್ತೀಯ. ನಿನ್ನ ಪಕ್ಕ ನಿಂತಿರೋರು ಕಾಣಲ್ಲ."

ಅವಳ ಪಕ್ಕ ಇದ್ದವರು ಯಾರೋ ಇನ್ನೂ ಗೊತ್ತಿಲ್ಲ, ಅವರು ಸರಿದು ನನ್ನ ಕಿಂಡಿಯೊಳಗೆ ಬರಲಿಲ್ಲ. ಎಲ್ಲ ಹೇಳಿದೆ. ಡಾಕ್ಟರ ಮಾತು, ಊಟದ ಮೇಜು, ಟವೆಲು, ಮಾತಾಡುವ ಎಡಿಟರ್. ನಾನು ಯಾರಿಗೂ ಏನೂ ಬಿಟ್ಟುಕೊಟ್ಟಿರಲಿಲ್ಲ, ನನಗಾಗಿಯೇ ಬೇಡಿದ್ದೆ ಎಂದೂ ಹೇಳಿದೆ. ಹೇಳಿ ಮುಗಿಸಿ ಕುರ್ಚಿ ಎಳೆದು ಕೂತೆ. ಪ್ರವೀಣ್ ಅಳುತ್ತಿದ್ದ. ಅವನನ್ನು ಸಮಾಧಾನಪಡಿಸುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ರಚನಾ ತನ್ನ ಮೆಷಿನ್ನಿನ ಮುಂದೆ ಕೂತಳು. "ಅವರು ಇನ್ನೂ ಅಪ್ರೂವ್ ಮಾಡಿಲ್ಲ. ಬೇರೆ ಹೆಸರು ಕೊಡ್ತೀನಿ. ಆದ್ರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂದ್ರೆ ಯಾಕೆ ಅಂತ ಕೇಳ್ತಾರೆ ಸಾರ್. ಏನು ಬರೀಲಿ?"

"ಟೀಮಿನವರಿಗೆ ಇದೇ ಅನುಕೂಲ ಅಂತ ಬರೀ ಅಕ್ಕಾ" ಎಂದಿತು ಹಿಂದಿನಿಂದ ಒಂದು ದನಿ.

"ಬೇಡ" ಎಂದೆ. ಹಾಗೆ ಬರೆದರೆ ನಾಳೆ ಗಿರಾಕಿಯವರು ಇನ್ನೊಂದು ಎಡಿಟರ್ ಕೇಳಬಹುದು, ನಾಡಿದ್ದು ದನಿಗೇ ಬೀಗ ಹಾಕಬಹುದು. "ಈ ಟೀಮಿನಲ್ಲಿ ಒಬ್ಬ ಕುರುಡ ಇದ್ದಾನೆ, ಅವನು ಕಿವಿಯಲ್ಲಿ ಓದಿ ಕೆಲಸ ಮಾಡ್ತಾನೆ, ಅವನಿಗೆ ಬೇಕು ಅಂತ ಬರಿ. ನನ್ನ ಹೆಸರು ಹಾಕು."

ಆ ಪದವನ್ನು ನಾನು ಮೌನಳ ಮುಂದೆಯೂ ಆಡಿರಲಿಲ್ಲ. ಆಡಿದ ಮೇಲೆ ಅದು ಆ ಕೋಣೆಯಲ್ಲಿ ಹಾಗೇ ನಿಂತಿತು. ರಚನಾ ಟೈಪ್ ಮಾಡಿದಳು, ಕೀಲಿಗಳ ಸದ್ದು ಕೇಳಿಸಿಕೊಂಡೆ, ಕೊನೆಗೆ ನಿಲ್ಲಿಸಿದಳು.

"ಓದಿ ಹೇಳಲಾ ಸಾರ್?"

"ಹೇಳು."

ಓದಿದಳು. ನಾನು ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇದನ್ನು ಓದುವವನು ಯಾವುದೋ ದೇಶದಲ್ಲಿ ಕೂತಿರುತ್ತಾನೆ, ಎಡಿಟರಿಗೆ ಒಪ್ಪಿಗೆ ಕೊಟ್ಟು ಮನುಷ್ಯನನ್ನು ಬೇಡ ಎನ್ನಬಹುದು. ಅದು ಅವಳಿಗೂ ಗೊತ್ತಿತ್ತು.

"ನಿಮಗೆ ಭಯ ಆಗ್ತಿಲ್ವಾ ಸಾರ್?"

ಇಷ್ಟು ದಿನದಲ್ಲಿ ಯಾರೂ ಅದನ್ನು ನನ್ನಲ್ಲಿ ಕೇಳಿರಲಿಲ್ಲ.

"ತುಂಬಾ ಆಗ್ತಿದೆ. ನೀನು ಕಳಿಸು" ಎಂದೆ.

ಅವಳು ಕಳಿಸಿದಳು.